ಐವತ್ತೆರಡು ಎಲೆಗೆ ಒಂದು ಲಾಂಡ್ರಿ ರಸೀದಿ

ಪ್ಲಾಸ್ಟಿಕ್ ಇಸ್ಪೀಟೆಲೆಯನ್ನು ಇಸ್ತ್ರಿ ಮಾಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ನಲವತ್ತೊಂದು ವರ್ಷ ಲಾಂಡ್ರಿ ನಡೆಸಿದವನು ನಾನು. ವಕೀಲರ ಕರಿ ಕೋಟು, ಮದುಮಗನ ಸೂಟು, ಬ್ಯಾಂಡ್‌ಸೆಟ್ಟಿನವರ ಜರಿ ಜಾಕೆಟ್ಟು, ಎಲ್ಲವೂ ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗೆ ತೆಪ್ಪಗೆ ಮಲಗಿ ಎದ್ದಿವೆ. ಮಲಗಿದ್ದು ಏಳದೇ ಹೋದದ್ದು ಒಂದೇ ಒಂದು, ಅದೂ ಈ ಗಲಾಟೆಯಲ್ಲಿ. ಅದು ಆಮೇಲಿನ ಮಾತು. ಮೊದಲು ಆಟದ ವಿಷಯ.

ಅಂಗಡಿ ಮುಚ್ಚಿದಾಗ ಮನೆಗೆ ತಂದದ್ದು ಮೂರೇ ಸಾಮಾನು: ಇಸ್ತ್ರಿ ಮೇಜು, ಅರ್ಧ ಉಳಿದ ರಸೀದಿ ಪುಸ್ತಕ, ಜಾಡಿಗಟ್ಟಲೆ ಗುಂಡಿಗಳು. ನಲವತ್ತೊಂದು ವರ್ಷದಲ್ಲಿ ಊರವರ ಅಂಗಿಗಳಿಂದ ಉದುರಿ, ಯಾರೂ ಕೇಳದೆ ಉಳಿದುಹೋದ ಗುಂಡಿಗಳು. ಮೇಜನ್ನು ನಡುಮನೆಯಲ್ಲಿ ಹಾಕಿ, ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ ಬಿಗಿದೆ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಅದರ ಸುತ್ತ ನಾಲ್ಕು ಜನ ಕೂತು ಪೋಕರ್ ಆಡುತ್ತೇವೆ. ದುಡ್ಡಿನ ಮಾತೇ ಇಲ್ಲ, ಗುಂಡಿಯೇ ಪಣ. ಯಾರಾದರೂ ಪೊಲೀಸ್ ಯೂನಿಫಾರ್ಮಿನ ಹಿತ್ತಾಳೆ ಗುಂಡಿ ನಡುವೆ ಇಟ್ಟರೆ ಉಳಿದವರು ಉಸಿರು ಬಿಗಿಹಿಡಿಯುತ್ತೇವೆ.

ಆಡುವವರಲ್ಲಿ ನಾನೊಬ್ಬ. ಪಕ್ಕದ ಮನೆಯ ಜಾಮಿಟ್ರಿ ಮೇಡಂ ಇನ್ನೊಬ್ಬರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಈಗ ಎರಡೂ ಮಂಡಿ ಕೈಕೊಟ್ಟಿವೆ. ಕೋಲೂರಿಕೊಂಡು ತಮ್ಮ ಬಾಗಿಲಿನಿಂದ ನಮ್ಮ ಬಾಗಿಲಿಗೆ ಬಂದು ಕೂರುವುದೇ ಅವರ ವಾರದ ಪ್ರವಾಸ. ಮೂರನೆಯವರು ಬಸ್ ಕಂಡಕ್ಟರ್ ಆಗಿದ್ದ ರೈಟ್‌ರೈಟ್. ಹೆದರಿಕೆಗೆ ಹತ್ತೂ ಬೆರಳಿನ ಉಗುರು ಕಚ್ಚಿ ಮುಗಿಸಿದ ಮನುಷ್ಯ. ನಾಲ್ಕನೆಯವರು ನನ್ನ ಹೆಂಡತಿಯ ಅಣ್ಣ. ನನಗೆ ಭಾವ, ಉಳಿದವರಿಗೆ ತಲೆನೋವು. ದೊಡ್ಡ ಕಚೇರಿಯೊಂದರ ಟಪಾಲು ವಿಭಾಗಕ್ಕೆ ಮೇಲಧಿಕಾರಿಯಾಗಿದ್ದವರು. ಲಕೋಟೆ ಬಿಡಿಸಲೆಂದು ಬಲಗೈ ಹೆಬ್ಬೆರಳಿಗೆ ಬೆಳೆಸಿದ್ದ ಉಗುರನ್ನು ನಿವೃತ್ತಿಯಾದ ಮೇಲೂ ಪಿಂಚಣಿಯಂತೆ ಕಾಪಾಡಿಕೊಂಡು ಬಂದಿದ್ದರು.

ನಾಲ್ಕು ತಿಂಗಳ ಹಿಂದಿನವರೆಗೂ ನಮ್ಮದು ಕಾಗದದ ಎಲೆ. ಒಂದೊಂದೂ ಹಳೇ ಚಪ್ಪಲಿಯ ಅಟ್ಟೆಯಂತೆ ಆಗಿತ್ತು. ಒಂದು ಭಾನುವಾರ ಭಾವ ಒಂದು ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದರು. ಒಳಗೆ ಒಂದು ಕೆಂಪು ಕಟ್ಟು, ಒಂದು ನೀಲಿ ಕಟ್ಟು.

“ನೂರಕ್ಕೆ ನೂರು ಪ್ಲಾಸ್ಟಿಕ್. ಹರಿಯಲ್ಲ, ನೆನೆಯಲ್ಲ. ನಿನ್ನ ಹಾಗೆ ಎಲ್ರ ಮುಂದೆ ಬಾಗೋದೂ ಇಲ್ಲ ಕಣಯ್ಯ.”

ಕೆಂಪು ಕಟ್ಟನ್ನು ಬಿಚ್ಚಿದೆವು. ನೀಲಿಯನ್ನು ನಾನು ಒಳ್ಳೆಯ ಟವೆಲ್ಲುಗಳ ನಡುವೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಕೆಂಪು ಎಲೆ ಬಂದದ್ದೇ ಬಂದದ್ದು, ಭಾವನ ಅದೃಷ್ಟ ಖುಲಾಯಿಸಿಬಿಟ್ಟಿತು. ಅಲ್ಲಿಯವರೆಗೆ ನಮ್ಮ ಹಾಗೇ ಸೋಲುತ್ತಿದ್ದ ಮನುಷ್ಯ ವಾರವಾರವೂ ಗುಂಡಿಗಳನ್ನು ಬಾಚಿಕೊಳ್ಳತೊಡಗಿದರು.

“ನಾನು ಎಲೆ ಆಡಲ್ಲ, ಮುಖ ಓದ್ತೀನಿ,” ಎನ್ನುವರು. “ನಿನ್ನ ಮುಖ ಅಂದ್ರೆ ಬಸ್ಸಿನ ಬೋರ್ಡು. ದೂರದಿಂದ್ಲೇ ಗೊತ್ತಾಗುತ್ತೆ ಎಲ್ಲಿಗೆ ಹೋಗ್ತಿದೆ ಅಂತ.”

“ಬೋರ್ಡು ಆಗಾಗ ಸುಳ್ಳಾದ್ರೂ ಹೇಳುತ್ತೆ ಸ್ವಾಮಿ,” ಎನ್ನುವರು ರೈಟ್‌ರೈಟ್, “ಇವ್ರಿಗೆ ಅದೂ ಬರಲ್ಲ.”

ಹೀಗಿರುವಾಗ ಒಂದು ಭಾನುವಾರ ನಾನೇ ಮೇಜಿನ ಮೇಲೆ ಉಪ್ಪು ಕಡಲೆಕಾಯಿ ಬೀಜ ಇಟ್ಟೆ. ಬುದ್ಧಿಗೇಡಿ ಕೆಲಸ, ಒಪ್ಪಿಕೊಳ್ಳುತ್ತೇನೆ. ಭಾವ ಡೈಮನ್ ರಾಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಣ ಕಂಡವರಂತೆ ಕೂಗಿದರು.

“ಗೀರು! ಉಪ್ಪಿನ ಗೀರು! ಎಣ್ಣೆ ಬೇರೆ! ಇದೇನು ಇಸ್ಪೀಟೆಲೆನೋ, ಹಪ್ಪಳಾನೋ?”

“ಒರೆಸ್ತೀನಿ ಭಾವ...”

“ಒರೆಸೋದಲ್ಲ. ಮುಂದಿನ ಭಾನುವಾರ ಒಂದೊಂದು ಎಲೇನೂ ಪರೀಕ್ಷೆ ಮಾಡ್ತೀನಿ. ಈ ಉಪ್ಪಿನ ಗೀರು ಮಾಫಿ. ಇದು ಬಿಟ್ಟು ಇನ್ನೊಂದು ಏಟು ಕಾಣಿಸ್ತೋ, ಎಲೆ ನನ್ನ ಮನೆಗೆ, ಆಟಾನೂ ನನ್ನ ಮನೆಗೆ. ಶಾಶ್ವತವಾಗಿ.”

ಭಾವನ ಮನೆ ನಾಲ್ಕನೇ ಮಹಡಿ. ಲಿಫ್ಟಿಲ್ಲ. ಎಲ್ಲರೂ ಮೇಡಂ ಕಡೆ ನೋಡಿದೆವು. ಮೇಡಂ ತಮ್ಮ ಮಂಡಿಯ ಕಡೆ ನೋಡಿಕೊಂಡರು.

“ಹಾಗಾದ್ರೆ ನಾನು?”

“ನೀವು ಫೋನಲ್ಲಿ ಆಡಿ ಮೇಡಂ.”

ಮೇಡಂ ಕೋಲು ತೆಗೆದುಕೊಂಡು ಎದ್ದು ಹೋದರು. ಆ ಕೋಲಿನ ಸದ್ದು ಅವರ ಮನೆಯ ಬಾಗಿಲು ಮುಟ್ಟುವವರೆಗೂ ನಮಗೆ ಕೇಳಿಸಿತು. ಅವತ್ತೇ ತೀರ್ಮಾನಿಸಿದೆ: ಲಾಂಡ್ರಿಯವನ ಮನೆಯಿಂದ ಕೊಳೆಯಾದ ಸಾಮಾನು ಹೊರಗೆ ಹೋಗಕೂಡದು.

ಸೋಮವಾರ ಬೆಳಿಗ್ಗೆ ಎಲೆಗಳನ್ನು ನೋಡಿದರೆ ಸ್ವಲ್ಪ ಬಾಗಿದ್ದವು. ಬಾಗಿದ್ದನ್ನು ಕಂಡರೆ ನನ್ನ ಕೈ ತಾನಾಗಿಯೇ ಇಸ್ತ್ರಿಪೆಟ್ಟಿಗೆಗೆ ಹೋಗುತ್ತದೆ. ಪೋಕರಿಗೆ ಜೋಕರ್ ಬೇಕಿಲ್ಲವಲ್ಲ, ಅವನ ಮೇಲೆ ಮೊದಲ ಪ್ರಯೋಗ. ಒದ್ದೆ ಬಟ್ಟೆ ಹೊದಿಸಿ ಪೆಟ್ಟಿಗೆ ಒತ್ತಿದೆ. ಚುಸ್ ಎಂದಿತು. ಎತ್ತಿ ನೋಡಿದರೆ ಬಟ್ಟೆ ಇದೆ, ಜೋಕರ್ ಇಲ್ಲ. ಬಟ್ಟೆಯೊಳಗೇ ಕರಗಿ ಒಂದಾಗಿಬಿಟ್ಟಿದ್ದ. ಮುಖ ಮಾತ್ರ ಸ್ವಲ್ಪ ಉಳಿದಿತ್ತು, ಅದೂ ನಗುತ್ತಿತ್ತು.

ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಬಂದಳು. “ರೀ, ಪ್ಲಾಸ್ಟಿಕ್ ಬಕೆಟ್ಟಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?”

“ಬಕೆಟ್ಟು ಬಾಗಿರಲ್ಲ ಕಣೇ.”

“ನಿಮ್ಮ ತಲೆ ಬಾಗಿದೆ. ಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ಸೋಪು, ಮೆತ್ತಗಿನ ಬಟ್ಟೆ. ಒರೆಸಿ ನೆರಳಲ್ಲಿ ಹರವಿ. ಅಷ್ಟೇ. ಮಗು ಮೈ ತೊಳೆಸೋ ಹಾಗೆ.”

ಅವಳಿಗೆ ಇದೆಲ್ಲ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ಕೇಳಿದರೆ ಮದುವೆಯಾದಾಗಿನಿಂದ ಶುರು ಮಾಡುತ್ತಾಳೆ.

ಆದರೆ ನನ್ನ ಕಸುಬಿನಲ್ಲಿ ಒಂದು ಕಟ್ಟುನಿಟ್ಟು. ರಸೀದಿ ಬರೆಯದೆ ಯಾವ ಬಟ್ಟೆಯೂ ನೀರಿಗೆ ಬೀಳುವಂತಿಲ್ಲ. ಅಂಗಿ ಬಂತೆಂದರೆ ಕಾಲರು ಸವೆದಿದೆಯೇ, ಜೇಬು ಹರಿದಿದೆಯೇ, ಎಲ್ಲ ನೋಡಿ ಬರೆದು ಕೊನೆಗೆ “ಬಂದಾಗಲೇ ಹೀಗಿತ್ತು” ಎಂದು ಷರಾ ಹಾಕಬೇಕು. ಇಲ್ಲದಿದ್ದರೆ ಗಿರಾಕಿ ಆಮೇಲೆ ನಮ್ಮ ಕುತ್ತಿಗೆಗೆ ಬರುತ್ತಾನೆ. ಹಾಗಾಗಿ ಮಂಗಳವಾರ ಬಾಲ್ಕನಿಯಲ್ಲಿ ಬಿಳಿ ಬೆಡ್‌ಶೀಟು ಹಾಸಿ, ಐವತ್ತೆರಡು ಎಲೆಗಳನ್ನು ಸಾಲಾಗಿ ಜೋಡಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ ರಸೀದಿ ಪುಸ್ತಕದಲ್ಲಿ ಬರೆಯುತ್ತ ಕೂತೆ.

ಎದುರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಎದುರುಮನೆಯಾಕೆ ಕೇಳಿದಳು, “ಎಲೆ ಹಾಕಿ ಏನ್ ನೋಡ್ತಿದ್ದೀರಿ ಯಜಮಾನ್ರೇ?”

“ಎಲ್ಲಾರ ಸ್ಥಿತಿಗತಿ ನೋಡ್ತಿದೀನಮ್ಮ. ರಾಣಿಗೆ ತುಂಬಾ ಏಟು ಬಿದ್ದಿದೆ. ಹೊರಗಿನವ್ರಿಗೆ ಕಾಣಲ್ಲ, ಹತ್ರ ನೋಡಿದ್ರೇನೇ ಗೊತ್ತಾಗೋದು.”

ಆಕೆ ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಿಂಡುವುದನ್ನೇ ನಿಲ್ಲಿಸಿದಳು. “ಪಾಪ... ಏನು ಮಾಡ್ಬೇಕು ರಾಣಿ?”

“ಏನೂ ಮಾಡಬಾರ್ದು. ಎರಡು ದಿನ ಯಾರ ಕೈಗೂ ಸಿಗದೆ, ತಂಪಾಗಿ ಮಲಗಿರ್ಬೇಕು. ತಾನಾಗೇ ಸರಿಹೋಗ್ತಾಳೆ.”

ರಾಣಿ ಎಂದರೆ ತಾನೇ ಎಂದುಕೊಂಡು ಆಕೆ ಎರಡು ದಿನ ಮಲಗಿದಳು. ಗಂಡ ಅಡುಗೆ ಮಾಡಿದ, ಪಾತ್ರೆ ತೊಳೆದ, ಮೂರನೇ ದಿನ ತಪ್ಪಾಯಿತೆಂದೂ ಕೇಳಿದನಂತೆ. ಇದು ನನಗೆ ಆಗ ಗೊತ್ತಿಲ್ಲ. ನನಗೆ ಗೊತ್ತಾದದ್ದು ಇಷ್ಟೇ: ಗುರುವಾರದಿಂದ ನಮ್ಮ ಮನೆಯ ಮುಂದೆ ಜನ ನಿಲ್ಲತೊಡಗಿದರು. ಇಸ್ಪೀಟೆಲೆ ಕಾಪಾಡುವ ವಿದ್ಯೆಗೆ ಊರಿನಲ್ಲಿ ಇಷ್ಟು ಬೇಡಿಕೆ ಇದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೊಸ ಅಂಗಿ ಹಾಕಿಕೊಂಡು ಕೂತೆ.

ಔಷಧಿ ಅಂಗಡಿಯವರು ಬಂದು ದನಿ ತಗ್ಗಿಸಿ ಕೇಳಿದರು, “ಕೈ ಮೀರಿ ಹೋಗ್ತಿದೆ ಯಜಮಾನ್ರೇ. ಏನು ಮಾಡೋದು?”

“ನೀವು ದಿನಾ ಒಂದೇ ಕಡೆಗೆ ಬಗ್ಗಿಸ್ತಿದೀರಿ. ಕಲೆಸೋವಾಗ ಆ ಕಡೆಗೂ ಬಗ್ಗಿಸಿ, ಈ ಕಡೆಗೂ ಬಿಡಿ. ಇಲ್ದಿದ್ರೆ ಜನ್ಮದಲ್ಲಿ ನೆಟ್ಟಗಾಗಲ್ಲ.”

ಅವರು ಕಣ್ಣೊರೆಸಿಕೊಂಡು ಹೋದರು. ಅದೇ ಸಂಜೆ ಮಗನಿಗೆ ಗಿಟಾರ್ ಕೊಡಿಸಿದರಂತೆ.

ಶುಕ್ರವಾರ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ ನೋಟೀಸು ಹಿಡಿದುಕೊಂಡು ಬಂದರು. “ವಾಸದ ಮನೇಲಿ ವ್ಯಾಪಾರ ಮಾಡೋ ಹಾಗಿಲ್ಲ. ಕಲಂ ಒಂಬತ್ತು.”

“ವ್ಯಾಪಾರ ಎಲ್ಲಿ ಬಂತು ಸಾರ್? ಕೇಳಿದವ್ರಿಗೆ ಎರಡು ಮಾತು ಹೇಳ್ತೀನಿ.”

ಸೆಕ್ರೆಟರಿ ಹಿಂದೆ ಮುಂದೆ ನೋಡಿ, ಬಾಗಿಲು ಸರಿಸಿ, ನೋಟೀಸನ್ನು ಮಡಚಿ ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತರು. “ಹಾಗಾದ್ರೆ ನನಗೂ ಎರಡು ಮಾತು ಹೇಳಿ. ಮುಂದಿನ ತಿಂಗಳು ಸಂಘದ ಚುನಾವಣೆ. ನಮ್ಮ ಕಮಿಟೀಲಿ ಒಂದಿಬ್ಬರು ಸವೆದು ಹೋಗಿದಾರೆ. ಅವ್ರನ್ನ ಮಾತ್ರ ಬದಲಾಯಿಸಿದ್ರೆ ಸಾಕಾ?”

ಈ ಮನುಷ್ಯನ ಕಮಿಟಿಯ ಕತೆ ಕಟ್ಟಿಕೊಂಡು ನನಗೇನು? ಸವೆತದ ಮಾತು ಬಂತಲ್ಲ, ಶಾಸ್ತ್ರ ಹೇಳಿದೆ. “ಸಾಕಾಗಲ್ಲ ಸಾರ್. ಹಳೇ ಕಟ್ಟಿನ ನಡುವೆ ಹೊಸಾ ಎಲೆ ಒಂದು ಸೇರಿಸಿದ್ರೆ ಅದೊಂದೇ ಎದ್ದು ಕಾಣುತ್ತೆ. ಒಂದು ಕೆಟ್ಟಿತು ಅಂದ್ರೆ ಇಡೀ ಕಟ್ಟನ್ನೇ ಬದಲಾಯಿಸ್ಬೇಕು. ಎಲ್ಲಾರನ್ನೂ.”

“ಎಲ್ಲಾರನ್ನೂ? ನನ್ನನ್ನೂ?”

“ಕಟ್ಟಿನೊಳಗೆ ಇದೀರೋ ಇಲ್ವೋ?”

ಬೆವರು ಒರೆಸಿಕೊಳ್ಳುತ್ತ ಹೋದರು. ನೋಟೀಸು ಕುರ್ಚಿಯ ಮೇಲೆ ಸಪಾಟಾಗಿ ಉಳಿಯಿತು.

ಭಾನುವಾರ ಬಂತು. ಬಾಗಿಲ ಬಳಿ ಸ್ಟೂಲು, ಅದರ ಮೇಲೆ ನೀರಿನ ಬೋಗುಣಿ, ಸೋಪು, ಟವೆಲ್ಲು ಇಟ್ಟೆ. ಉಂಗುರ ಬಿಚ್ಚಿಡಲು ಒಂದು ಬಟ್ಟಲು. ಕೈ ತೊಳೆಯದೆ ಒಳಗೆ ಬರುವಂತಿಲ್ಲ. ಕಾಫಿ ಬೇಕಾದವರು ಅಡುಗೆಮನೆಯಲ್ಲಿ ನಿಂತು ಕುಡಿಯಬೇಕು. ಮೇಡಂ ಕೈ ತೊಳೆದು ಸುಮ್ಮನೆ ಬಂದು ಕೂತರು, ಕೊನೆಯ ದಿನ ಶಾಲೆಗೆ ಬಂದವರ ಹಾಗೆ. ರೈಟ್‌ರೈಟ್ ಮೊಣಕೈವರೆಗೂ ತೊಳೆದುಕೊಂಡರು. ಹೊರಗೆ ಎಂಟು ಹತ್ತು ಜನ ಸಾಲು ನಿಂತಿದ್ದರು. ಅವರನ್ನು ಸರಿಸಿಕೊಂಡು ಭಾವ ಒಳಗೆ ನುಗ್ಗಿದರು.

“ಇದೇನಯ್ಯಾ ಮನೇನೋ ರೇಷನ್ ಅಂಗಡೀನೋ?”

“ಭಾವ, ಕೈ...”

“ನನ್ನ ಕೈ ಶುದ್ಧವಾಗೇ ಇದೆ. ಎಲೆ ತೋರಿಸು.”

ಬಿಳಿ ಬಟ್ಟೆಯ ಮೇಲೆ ಕೆಂಪು ಕಟ್ಟನ್ನು ಬೋರಲಾಗಿ ಬೀಸಣಿಗೆಯಂತೆ ಹರವಿದೆ. ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದವು. ಸಾಲಿನಲ್ಲಿದ್ದವರೆಲ್ಲ ಬಾಗಿಲಿನಿಂದ ಕತ್ತು ಚಾಚಿದರು. ಸೆಕ್ರೆಟರಿ ಒಳಗೇ ಬಂದು ನಿಂತರು. ಭಾವ ಒಂದು ಕ್ಷಣವೂ ಹುಡುಕಲಿಲ್ಲ. ಬೆರಳಿಟ್ಟು ಎರಡನ್ನು ಸರಕ್ಕನೆ ಎಳೆದರು.

“ನೋಡ್ರಪ್ಪಾ ಎಲ್ಲಾರೂ! ಈ ಎಕ್ಕ ನೋಡಿ. ಮೂಲೇಲಿ ಏಟು. ಈ ರಾಜನ್ನ ನೋಡಿ. ಉದ್ದ ಬದಿಗೆ ಏಟು. ಮುಗೀತು. ಆಟ ನನ್ನ ಮನೆಗೆ!”

ಹೇಳಿಯಾದ ಮೇಲೆ ಅವನ್ನು ಮಗುಚಿ ತೋರಿಸಿದರು. ಎಕ್ಕವೇ, ರಾಜನೇ. ಭಾವನ ಜ್ಞಾನಕ್ಕೆ ನಾನು ಬೆರಗಾದೆ. ಆದರೆ ಲಾಂಡ್ರಿಯವನಿಗೆ ಅವಮಾನ ಸಹಿಸಲಾಗುವುದಿಲ್ಲ. ರಸೀದಿ ಪುಸ್ತಕ ಎತ್ತಿಕೊಂಡೆ.

“ಭಾವ, ಅದು ನಾನು ಮಾಡಿದ್ದಲ್ಲ. ನೀರಿಗೆ ಹಾಕೋ ಮುಂಚೆ ಬರೆದಿಟ್ಟಿದೀನಿ. ಕೇಳಿ. ಇಸ್ಪೀಟ್ ಎಕ್ಕ, ಮೂಲೆಯಲ್ಲಿ ಸಣ್ಣ ಕಮಾನು ಗೀರು, ಬಂದಾಗಲೇ ಹೀಗಿತ್ತು. ಆಟೀನ್ ಎಕ್ಕ, ಮೂಲೆ, ಬಂದಾಗಲೇ ಹೀಗಿತ್ತು. ಕಳಾವರ್ ಎಕ್ಕ, ಮೂಲೆ. ಡೈಮನ್ ಎಕ್ಕ, ಮೂಲೆ. ರಾಜರು ನಾಲ್ವರಿಗೂ ಉದ್ದ ಬದಿ. ರಾಣಿಯರು ನಾಲ್ವರಿಗೂ ಅಗಲದ ಬದಿ. ಎರಡರಿಂದ ಗುಲಾಮನವರೆಗೆ ಎಲ್ಲವೂ ಕ್ಷೇಮ. ದೊಡ್ಡ ಎಲೆ ಅಲ್ವಾ ಭಾವ, ಜನ ಗಟ್ಟಿಯಾಗಿ ಹಿಡ್ಕೋತಾರೆ, ಅದಕ್ಕೇ ಸವೆದಿದೆ ಅಂತ ನನ್ನ ಅಂದಾಜು.”

ಮೇಡಂ ನಿಧಾನವಾಗಿ ಕನ್ನಡಕ ಹಾಕಿಕೊಂಡರು.

“ಇನ್ನೊಂದ್ಸಲ ಓದಿ.”

ಓದಿದೆ. ನನಗೆ ಹುರುಪು ಬಂದಿತ್ತು, ಜೋರಾಗಿಯೇ ಓದಿದೆ. ಭಾವನ ಮುಖ ಹರಳೆಣ್ಣೆ ಕುಡಿದಂತಾಗುತ್ತ ಹೋಯಿತು.

“ನಿಮ್ಮನ್ನ ಒಂದು ಕೇಳ್ತೀನಿ,” ಎಂದರು ಮೇಡಂ ಭಾವನಿಗೆ, ಬೋರ್ಡಿನ ಹತ್ತಿರಕ್ಕೆ ಕರೆಯುವ ದನಿಯಲ್ಲಿ. “ಬೋರಲು ಬಿದ್ದಿದ್ದ ಎಲೆ. ಮಗುಚೋ ಮುಂಚೆ ಎಕ್ಕ ಅಂದ್ರಿ. ಹೇಗೆ ಗೊತ್ತಾಯ್ತು?”

“ಅದು... ಅಂದಾಜು.”

“ಆಮೇಲೆ ರಾಜ ಅಂದ್ರಿ. ಅದೂ ಅಂದಾಜಾ? ಎಲ್ಲಿ, ನಿಮ್ಮ ಬಲಗೈ ಹೆಬ್ಬೆರಳು ಕೊಡಿ.”

“ಯಾಕೆ?”

“ಕೊಡಿ ಅಂದೆ.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಾಗಿದ ಗಂಟಲು. ಭಾವನ ಕೈ ತಾನಾಗಿಯೇ ಮುಂದೆ ಹೋಯಿತು. ಮೇಡಂ ಎಕ್ಕದ ಮೂಲೆಯ ಗೀರಿಗೆ ಆ ಉಗುರನ್ನು ಒತ್ತಿ ಇಟ್ಟರು. ಲೋಟದ ಬಾಯಿಗೆ ಅದರದೇ ಮುಚ್ಚಳ ಕೂತಂತೆ ಕೂತಿತು.

“ಕಮಾನು ಸರಿಯಾಗಿದೆ. ಇವ್ರಿಗೆ ಉಗುರೇ ಇಲ್ಲ, ಕಚ್ಚಿ ತಿಂದಿದಾರೆ. ನಂದು ನೋಡಿ, ಮಟ್ಟಸ. ಲಾಂಡ್ರಿಯವ್ರು ಉಗುರು ಬಿಟ್ರೆ ರೇಷ್ಮೆ ಎಳೆ ಕಿತ್ತು ಬರುತ್ತೆ. ಉಳಿದವ್ರು ಯಾರು?”

ಆಗ ನನಗೆ ಅರ್ಥವಾಯಿತು. ಎಲ್ಲರಿಗಿಂತ ಕೊನೆಯಲ್ಲಿ, ಬಾಗಿಲಲ್ಲಿ ನಿಂತವರಿಗೂ ಆದ ಮೇಲೆ. ನಾಲ್ಕು ತಿಂಗಳಿಂದ ಈ ಮನುಷ್ಯ ಓದುತ್ತಿದ್ದದ್ದು ನನ್ನ ಮುಖವನ್ನಲ್ಲ, ಎಲೆಯ ಬೆನ್ನನ್ನು!

“ಅಣ್ಣಾ!” ಎಂದಳು ನನ್ನ ಹೆಂಡತಿ. ಒಳಗೆ ಹೋಗಿ ನೈಲ್‌ಕಟರ್ ತಂದು ಅವರ ಮುಂದೆ ಇಟ್ಟಳು.

ಬಾಗಿಲಲ್ಲಿ ಎದುರುಮನೆಯಾಕೆ ಉಳಿದವರಿಗೆ ಹೇಳುತ್ತಿದ್ದಳು, “ನೋಡಿದ್ರಾ? ಎಲೆ ಹಾಕಿ ಸ್ವಂತ ಭಾವನ್ನೇ ಹಿಡಿದುಬಿಟ್ರು!”

ಕಟ್, ಕಟ್. ಉಗುರು ಎರಡು ತುಂಡಾಗಿ ಬಿತ್ತು. ಆದರೆ ಭಾವನ ಜಂಭದ ಮೂಗು ಮಾತ್ರ ಇದ್ದಲ್ಲೇ ಇತ್ತು.

“ಉಗುರು ತಾಗಿರಬಹುದಪ್ಪಾ, ಬೇಕಂತ ಮಾಡಿಲ್ಲ. ನಾನು ಮುಖ ಓದೋದು ನಿಜ. ಬೇಕಾದ್ರೆ ಆ ನೀಲಿ ಕಟ್ಟು ಬಿಚ್ಚು. ಇವತ್ತು ಕೊನೇಲಿ ಯಾರ ಮುಂದೆ ಗುಂಡಿ ಜಾಸ್ತಿ ಇರುತ್ತೋ, ಆಟ ಅವ್ರ ಮನೇಲಿ. ಒಪ್ಪಿಗೇನಾ?”

“ಒಪ್ಪಿಗೆ,” ಎಂದುಬಿಟ್ಟರು ಮೇಡಂ, ನನ್ನ ಕಡೆ ನೋಡದೆ.

ಬೀರು ತೆಗೆದು ನೀಲಿ ಕಟ್ಟು ತಂದೆ. ಉಗುರಿಲ್ಲದ ಭಾವ ಕೋಲಿಲ್ಲದ ಕುರುಡನಂತೆ ತಡಕಾಡಿದರು ಎಂದು ಹೇಳುವ ಆಸೆ, ಆದರೆ ಸತ್ಯ ಹೇಳಬೇಕು. ರೈಟ್‌ರೈಟ್ ಅರ್ಧ ಗಂಟೆಯಲ್ಲಿ ಖಾಲಿಯಾದರು. ಮೇಡಂ ಧೈರ್ಯವಾಗಿ ಆಡಿ ಬರಿಗೈಯಾದರು. ಉಳಿದದ್ದು ನಾನು ಮತ್ತು ಭಾವ, ಇಬ್ಬರ ಮುಂದೆಯೂ ಹೆಚ್ಚುಕಡಿಮೆ ಒಂದೇ ಎತ್ತರದ ಗುಂಡಿಯ ರಾಶಿ. ಕೊನೆಯ ಆಟಕ್ಕೆ ಮೇಡಂ ಎಲೆ ಹಂಚಿದರು. ಕೈಯಲ್ಲಿ ಇಬ್ಬರಿಗೂ ಎರಡೆರಡು, ನಡುವೆ ತೆರೆದಿಟ್ಟ ಐದು. ನನಗೆ ಬಂದದ್ದು ಡೈಮನ್ ಏಳು, ಕಳಾವರ್ ಎರಡು. ಪೋಕರಿನಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲ. ನಡುವಿನ ಐದರಲ್ಲಿ ನಾಲ್ಕು ಇಸ್ಪೀಟು. ಕೈಯಲ್ಲಿ ಐದನೇ ಇಸ್ಪೀಟು ಇದ್ದವನು ಗೆದ್ದಂತೆ, ನನಗೆ ಒಂದಕ್ಕೂ ಸಂಬಂಧವಿಲ್ಲ. ಇನ್ನೇನು ಎಲೆ ಕೆಳಗಿಟ್ಟು ಸೋತೆ ಎನ್ನಬೇಕು.

ಆಗ ನೋಡಿದೆ. ಸೆಕ್ರೆಟರಿ ಆಟದ ರಭಸದಲ್ಲಿ ತಮ್ಮ ಕಾಫಿ ಲೋಟವನ್ನು ತಂದು ಮೇಜಿನ ನಡುವೆ, ನೀಲಿ ಎಲೆಗಳಿಂದ ನಾಲ್ಕು ಬೆರಳು ದೂರದಲ್ಲಿ ಇಟ್ಟಿದ್ದಾರೆ! ತುಂಬಿದ ಲೋಟ. ರೈಟ್‌ರೈಟ್ ಹೆದರಿಕೆಗೆ ಕಾಲು ಕುಣಿಸುತ್ತಿದ್ದಾರೆ, ಮೇಜು ಅಲುಗುತ್ತಿದೆ, ಲೋಟದ ಅಂಚಿನಲ್ಲಿ ಒಂದು ಹನಿ ತೂಗುತ್ತಿದೆ. ಸಕ್ಕರೆ ಹಾಕಿದ ಕಾಫಿ! ಈವತ್ತೇ ಬಿಚ್ಚಿದ ಎಲೆ! ಕೂಗಿದರೆ ಸೆಕ್ರೆಟರಿ ಗಾಬರಿಯಾಗಿ ಲೋಟವನ್ನೇ ಬೀಳಿಸುತ್ತಾರೆ. ನಾನು ಉಸಿರು ಬಿಗಿಹಿಡಿದು, ಎರಡೂ ತೋಳಿನಿಂದ ನನ್ನ ಮುಂದಿದ್ದ ಗುಂಡಿಯ ರಾಶಿಯನ್ನೆಲ್ಲ ಬಾಚಿ, ಲೋಟಕ್ಕೂ ಎಲೆಗೂ ನಡುವೆ ಗೋಡೆಯಂತೆ ನೂಕಿದೆ.

ಬಾಗಿಲಲ್ಲಿದ್ದವರೆಲ್ಲ ಒಂದು ಹೆಜ್ಜೆ ಒಳಗೆ ಬಂದರು.

“ಅಷ್ಟೂ ಇಟ್ರಾ?” ಎಂದರು ರೈಟ್‌ರೈಟ್ ಪಿಸುದನಿಯಲ್ಲಿ.

ನಾನು ಹನಿ ನೋಡುತ್ತಿದ್ದೆ. ಭಾವ ನನ್ನ ಮುಖವನ್ನು ನೋಡಿದರು. ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು. ಹಣೆಯ ಮೇಲೆ ಬೆವರು ಮೂಡಿತು.

“ಕಣ್ಣೇ ಮಿಟುಕಿಸ್ತಿಲ್ಲವಲ್ಲಯ್ಯಾ! ತನ್ನ ಎಲೆ ಕಡೆ ತಿರುಗೂ ನೋಡ್ತಿಲ್ಲ... ಇಸ್ಪೀಟ್ ಇದೆ ಇವನ ಹತ್ರ. ಇದ್ದೇ ಇದೆ.”

ಐದು ನಿಮಿಷ ನರಳಿದರು. ಆಮೇಲೆ ತಮ್ಮ ಎರಡು ಎಲೆಗಳನ್ನು ಮೇಜಿನ ಮೇಲೆ ಎಸೆದರು. ಜೋಡಿ ರಾಜರು! “ಆಯ್ತು. ಬಿಟ್ಟೆ. ತಗೋ.”

ಹನಿ ಕಳಚಿತು. ಒಂದು ಹಿತ್ತಾಳೆ ಗುಂಡಿಯ ಮೇಲೆ ಟಪ್ ಎಂದು ಬಿದ್ದು ಅಲ್ಲೇ ನಿಂತಿತು. ಎಲೆಗಳಿಗೆ ಒಂದು ಸಿಡಿಯೂ ತಾಗಿರಲಿಲ್ಲ. ನಾನು ಉಸಿರು ಬಿಟ್ಟೆ.

“ಉಳೀತು!” ಎಂದೆ.

ಮೇಡಂ ಕೋಲನ್ನು ನೆಲಕ್ಕೆ ಮೂರು ಸಲ ಕುಟ್ಟಿದರು. ಬಾಗಿಲಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರೈಟ್‌ರೈಟ್ ಎರಡು ಬೆರಳು ಬಾಯಿಗಿಟ್ಟು ಡಿಪೋದವರೆಗೂ ಕೇಳುವಂತೆ ಸೀಟಿ ಹೊಡೆದರು. ಯಾಕೆ ಇಷ್ಟು ಗದ್ದಲವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಭಾವ ಎದ್ದು ನಿಂತು, ಉಗುರು ಕತ್ತರಿಸಿದ ಹೆಬ್ಬೆರಳನ್ನು ಸವರಿಕೊಳ್ಳುತ್ತ ಕೇಳಿದರು, “ನಿಜ ಹೇಳಯ್ಯಾ. ನಿನ್ನ ಕೈಲಿ ಏನಿತ್ತು?”

ನಾನು ಏಳನ್ನೂ ಎರಡನ್ನೂ ಕಟ್ಟಿನೊಳಗೆ ಸೇರಿಸಿ ಡಬ್ಬಿಯ ಮುಚ್ಚಳ ಹಾಕಿದೆ.

“ಮುಂದಿನ ಭಾನುವಾರ ಮೂರು ಗಂಟೆಗೆ ಬನ್ನಿ ಭಾವ,” ಎಂದೆ. “ಇಲ್ಲಿಗೇ. ಕೈ ತೊಳ್ಕೊಂಡು.”